ಬೇವಿನೆಣ್ಣೆಗೆ ಪಾಪ ಅಂಟಲ್ವಾ?

ಹೋದ ವರ್ಷ ಊರಿಗೆ ಹೋದಾಗ ಮನೆ ಹಿಂದಿನ ಸೀಬೆ ಗಿಡಕ್ಕೆ ಹಿಟ್ಟು ತಿಗಣೆ ಮೆತ್ತಿಕೊಂಡಿತ್ತು. ಅಪ್ಪ ಅಂಗಡಿಯಿಂದ ಔಷಧಿ ತರ್ತೀನಿ ಅಂದ್ರು. ನಾನು ಬಿಡಲಿಲ್ಲ. "ವಿಷ ಯಾಕಪ್ಪಾ, ಬೇವಿನೆಣ್ಣೆ ಹೊಡೆಯೋಣ" ಅಂದೆ. ಲೀಟರ್ ನೀರಿಗೆ 5 ಎಂ.ಎಲ್. ಎಣ್ಣೆ, ಬೆರೆಯೋಕೆ ಒಂಚೂರು ಸೋಪು. ಎಲೆಯ ಅಡಿಗೂ ತೊಟ್ಟಿಕ್ಕುವ ಹಾಗೆ ಹೊಡೆದೆ. ತಿಗಣೆಗಳ ನಡುವೆ ಇನ್ನೂ ದಪ್ಪನೆಯ, ಮೈತುಂಬ ಬಿಳಿ ಎಳೆ ಇದ್ದ ಕೆಲವು ಸರಸರ ಓಡಾಡ್ತಿದ್ವು. ಇವೇ ದೊಡ್ಡ ಕಳ್ಳರು ಅಂತ ಇನ್ನೊಂದು ಸಲ ಹೊಡೆದೆ. ಬೆಳಿಗ್ಗೆ ನೋಡಿದ್ರೆ ಅವೂ ಎಲೆಗೆ ಅಂಟಿ ಸತ್ತಿದ್ವು. ಖುಷಿಯಾಗಿ ಫೋಟೊ ತೆಗೆದೆ.

ಫೋಟೊ ನೋಡಿ ಕೃಷಿ ಓದಿದ ಗೆಳೆಯ ನಕ್ಕುಬಿಟ್ಟ. ಅವು ತಿಗಣೆ ತಿನ್ನೋ ಗುಲಗಂಜಿ ಹುಳುವಿನ ಮರಿಗಳಂತೆ. ಹೆಸರು ಕ್ರಿಪ್ಟೊಲೀಮಸ್. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದದ್ದು. ಇವತ್ತಿಗೂ ಸಾಕಿ ತೋಟಗಳಿಗೆ ಬಿಡ್ತಾರೆ. ಮರಿ ಇರೋದು ಥೇಟ್ ಹಿಟ್ಟು ತಿಗಣೆ ಥರಾನೇ.

ನನ್ನ ಉದ್ದೇಶ ಒಳ್ಳೇದಿತ್ತು, ಎಣ್ಣೆಯೂ ಒಳ್ಳೇದೇ. ಹಾಗಾದ್ರೆ ತಪ್ಪು ಯಾರದ್ದು?

ಹುಳು ಉಸಿರಾಡೋದು ಮೈ ಪಕ್ಕದ ಸಣ್ಣ ರಂಧ್ರಗಳಿಂದ. ಎಣ್ಣೆಯ ಪದರ ಅವನ್ನ ಮುಚ್ಚುತ್ತೆ. ಬೇವಿನ ಕಹಿ ಅಂಶದ ಕೆಲಸ ಬೇರೆ. ಈ ಉಸಿರುಕಟ್ಟಿಸೋದಕ್ಕೆ ಶತ್ರು, ಮಿತ್ರ ಅನ್ನೋ ಭೇದ ಇಲ್ಲ; ಮರಿಗಳಿಗೆ ಹಾರಿ ತಪ್ಪಿಸಿಕೊಳ್ಳೋಕೆ ರೆಕ್ಕೆಯೂ ಇಲ್ಲ. ಆದ್ರೆ ಪದರ ಒಣಗಿದ ಮೇಲೆ ಬಂದು ಕೂರೋ ಹುಳುವಿಗೆ ಅಷ್ಟಾಗಿ ತೊಂದರೆಯಿಲ್ಲ. ಕೆಲವು ರಾಸಾಯನಿಕಗಳ ಹಾಗೆ ಎಣ್ಣೆ ವಾರಗಟ್ಟಲೆ ಕಾದು ಕೂತು ಕೊಲ್ಲಲ್ಲ. 'ಮಿತ್ರಕೀಟಗಳಿಗೆ ಸುರಕ್ಷಿತ' ಅನ್ನೋ ಮಾತಿನ ಅರ್ಥ ಇಷ್ಟೇ: ನಾಳೆ ಬರೋರಿಗೆ ಸುರಕ್ಷಿತ, ಈಗ ಎಲೆ ಮೇಲಿರೋರಿಗಲ್ಲ.

ಅಂದ್ರೆ ಕೊಲೆ ನಡೆಯೋದು ಪಂಪು ನನ್ನ ಕೈಯಲ್ಲಿರೋ ಆ ಅರ್ಧ ಗಂಟೆಯಲ್ಲೇ. ಘೋರ ವಿಷವಾಗಿದ್ರೆ ತಪ್ಪನ್ನ ಡಬ್ಬಿ ಮೇಲೆ ಹಾಕಬಹುದಿತ್ತು. ಎಣ್ಣೆ ಸೌಮ್ಯವಾದಷ್ಟೂ ಹೊಣೆ ನನ್ನ ಕಡೆಗೇ ಜರುಗುತ್ತೆ. ವಿಷ ಹಿಡಿದಿದ್ರೆ ಹೆದರಿ ಎರಡು ಸಲ ನೋಡ್ತಿದ್ದೆನೇನೋ. 'ಸಾವಯವ' ಅನ್ನೋ ಪದದ ಧೈರ್ಯದಲ್ಲಿ ಒಂದು ಸಲವೂ ಸರಿಯಾಗಿ ನೋಡಲಿಲ್ಲ.

ಈ ವರ್ಷ ಮತ್ತೆ ತಿಗಣೆ ಬಂತು. ಮೊದಲು ಎಲೆ ತಿರುಗಿಸಿ ನೋಡಿದ್ವಿ. ಓಡಾಡೋ ಬಿಳಿ ಮರಿ ಇದ್ದ ಕೊಂಬೆ ಬಿಟ್ಟು, ಬರೀ ತಿಗಣೆ ಇದ್ದ ಕೊಂಬೆಗಷ್ಟೇ ಸಂಜೆ ಎಣ್ಣೆ ಹೊಡೆದ್ವಿ. "ಹಿಂಗ್ ಬಿಟ್ರೆ ಒಂದಷ್ಟು ಕಾಯಿ ಹಾಳಾಗುತ್ತಲ್ಲೋ" ಅಂದ್ರು ಅಪ್ಪ. ಆಗುತ್ತೆ. ಆದ್ರೆ ತಿಗಣೆ ಒಂದೂ ಉಳೀದಿದ್ರೆ ಗುಲಗಂಜಿ ಹುಳು ಏನು ತಿಂದು ಬದುಕಬೇಕು? ಅಷ್ಟು ಕಾಯಿ ಅದರ ಪಾಲು ಅಂದುಕೊಳ್ಳೋಣ ಅಂದೆ. ಅಪ್ಪ ಒಪ್ಪಿದಂಗೆ ಕಾಣಲಿಲ್ಲ. ಪಂಪು ಮಾತ್ರ ಕೆಳಗಿಟ್ರು.