ಹೆಚ್ಚಿಗೆ ಒಂದು ಎಲೆ

ನನ್ನ ಟೀಮಿನಲ್ಲೊಬ್ಬ ಅಮೆರಿಕದವನಿದ್ದಾನೆ. 2022ರ ಏಪ್ರಿಲ್‌ನಲ್ಲಿ ಒಂದು ದಿನ ಕಾಲ್ ಶುರುವಾಗೋ ಮುಂಚೆ ಸ್ಕ್ರೀನ್ ಶೇರ್ ಮಾಡಿ 1950ರ ಜನಗಣತಿಯ ಒಂದು ಹಾಳೆ ತೋರಿಸಿದ. ಅವನ ತಾತನ ಹೆಸರು, ವಯಸ್ಸು, ಹುಟ್ಟಿದ ದೇಶ, ಮಾಡ್ತಿದ್ದ ಕೆಲಸ, ಎಲ್ಲ ಗಣತಿದಾರನ ಕೈಬರಹದಲ್ಲಿ. ಅಲ್ಲಿ ಗಣತಿ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ತೆರೀತಾರೆ. ಇಟಲಿಯಿಂದ ಬಂದ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲೂ ತಾತ ಸಿಕ್ಕಿದ್ದರಂತೆ. ಹೇಳ್ತಾ ಹೇಳ್ತಾ ಅವನ ಕಣ್ಣು ತುಂಬಿತು. “ನಿಮ್ಮ ಮನೆಯಲ್ಲೂ ಹೀಗೆ ಊರು ಬಿಟ್ಟವರಿದ್ದಾರಾ?” ಅಂತ ಕೇಳಿದ.

ಇದ್ದರು. ನಮ್ಮ ತಾತನ ತಮ್ಮ. ನಮ್ಮದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ಅದೇ 1950ರಲ್ಲಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ ಚಿಕ್ಕತಾತ ವಾಪಸ್ ಬರಲಿಲ್ಲ. ಆಗ ಕೊಡಗು ಬೇರೆ ರಾಜ್ಯ. ಮೈಸೂರಿಗೆ ಸೇರಿದ್ದು 1956ರ ನವೆಂಬರ್‌ನಲ್ಲಿ. 1951ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2 ಲಕ್ಷ 29 ಸಾವಿರ. ಅದರಲ್ಲಿ ಚಿಕ್ಕತಾತನೂ ಒಬ್ಬರಿರಬೇಕು. ಆದರೆ ನಮ್ಮ 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ವಿವರ ಯಾರಿಗೂ ತೋರಿಸೋ ಹಾಗಿಲ್ಲ. ನಮಗೆ ಸಿಗೋದು ಲೆಕ್ಕ, ಹೆಸರಲ್ಲ.

ಹೆಸರು ಸಿಕ್ಕಿದ್ದು ಜಮೀನಿನ ಕಾಗದದಲ್ಲಿ. ಹೋದ ವರ್ಷ ಪೌತಿ ಖಾತೆ ಮಾಡಿಸೋಕೆ ಅಂತ ಹಳೇ ದಾಖಲೆ ತೆಗೆಸಿದೆ. ಊರು ಇದ್ದಲ್ಲೇ ಇದೆ. ಕಾಗದದಲ್ಲಿ ಮಾತ್ರ ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ 2025ರವರೆಗೆ ರಾಮನಗರ. ಕಂಪ್ಯೂಟರ್ ಪಹಣಿಯಲ್ಲಿ ತಾತನೊಬ್ಬರದೇ ಹೆಸರು. ಅರವತ್ತರ ದಶಕದ ಕೈಬರಹದ ಪಹಣಿಯಲ್ಲಿ ಅಣ್ಣತಮ್ಮ ಇಬ್ಬರದೂ ಇತ್ತು. ಇಬ್ಬರಿಗೂ ಅದೇ ‘ಬಿನ್’, ಅದೇ ಅಪ್ಪ. ನಡುವೆ ಎಲ್ಲೋ ಒಂದು ಹೆಸರು ಉದುರಿಹೋಗಿತ್ತು.

ಖುಷಿಯಿಂದ ದೊಡ್ಡಪ್ಪನಿಗೆ ತೋರಿಸಿದೆ. ಅವರು ಹಾಳೆ ಮಡಚಿ ವಾಪಸ್ ಕೊಟ್ಟರು. “ಇದನ್ನ ಕೆದಕ್ಬೇಡ ಕಣಪ್ಪ. ವಂಶವೃಕ್ಷದಲ್ಲಿ ನಮ್ಮಪ್ಪ ಒಬ್ಬನೇ ಮಗ ಅಂತ ಬರೆಸಾಣ. ನಾಳೆ ಚಿಕ್ಕಪ್ಪನ ಮೊಮ್ಮಕ್ಕಳು ಬಂದು ಅರ್ಧ ಕೊಡಿ ಅಂದ್ರೆ?”

ಅಮೆರಿಕದ ಗೆಳೆಯನಿಗೂ ನನಗೂ ಇರೋ ವ್ಯತ್ಯಾಸ ಅವತ್ತು ಗೊತ್ತಾಯ್ತು. ಅವನಿಗೆ ತಾತ ಸಿಕ್ಕರೆ ನಾಲ್ಕು ಹನಿ ಕಣ್ಣೀರು ಖರ್ಚು. ನಮಗೆ ಚಿಕ್ಕತಾತ ಸಿಕ್ಕರೆ ಎರಡು ಎಕರೆಯಲ್ಲಿ ಒಂದು ಎಕರೆ ಖರ್ಚು, ಅದೂ ಲೇಔಟ್‌ನವರು ದಿನಾ ಫೋನ್ ಮಾಡೋ ಈ ಕಾಲದಲ್ಲಿ. ಬೇರು ಹುಡುಕೋದು ಅಂದ್ರೆ ನಮಗೆಲ್ಲ ಇಷ್ಟ, ಆ ಬೇರು ಏನನ್ನೂ ಕೇಳದೇ ಇರೋವರೆಗೆ.

ಹಾಗಂತ ದೊಡ್ಡಪ್ಪನನ್ನು ಕೆಟ್ಟವರು ಅನ್ನೋಕೆ ನನಗೆ ಬಾಯಿಲ್ಲ. ಅವರು ಆ ನೆಲದಲ್ಲಿ ರಾಗಿ ಬೆಳೆದು, ಹಸು ಕಟ್ಟಿ, ನನ್ನ ಬಿಇ ಫೀಸಿಗೂ ಕೊಟ್ಟವರು. ತಿಂಗಳಾದರೆ ಸಂಬಳ ಬರೋ ನನಗೆ ಪ್ರಾಮಾಣಿಕತೆ ಸುಲಭ. ಅದರ ಬೆಲೆ ತೆರೋರು ಅವರು. ಉತ್ತವನಿಗೆ ಹಕ್ಕಿಲ್ವಾ? ಇದೆ. ಆದರೆ ಉತ್ತಿದ್ದಕ್ಕೆ ಹಕ್ಕು ಕೇಳೋದು ಬೇರೆ, ತಮ್ಮ ಹುಟ್ಟೇ ಇರಲಿಲ್ಲ ಅನ್ನೋದು ಬೇರೆ. ಪಾಲು ಎಷ್ಟು ಅನ್ನೋದನ್ನ ಊರಿನ ಹಿರಿಯರು ಹೇಳಬಹುದು, ಕೋರ್ಟು ಹೇಳಬಹುದು. ಹುಟ್ಟಿದವನನ್ನ ಹುಟ್ಟಲಿಲ್ಲ ಅಂತ ಬರೆಯೋದು ಮಾತ್ರ ನಮ್ಮ ಕೈ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ನಮ್ಮಜ್ಜಿ ಪ್ರತಿ ವರ್ಷ ಒಂದು ಎಲೆ ಹೆಚ್ಚಿಗೆ ಹಾಕ್ತಾರೆ. ಯಾರಿಗೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಈ ಸಲ ಕೇಳಿದೆ.

“ನಮ್ಮ ಮೈದುನಂಗೆ ಕಣ್ಲಾ. ಹಸ್ಕೊಂಡು ಹೋದೋನು” ಅಂದರು.

ದೊಡ್ಡಪ್ಪ ಎಲ್ಲ ಎಲೆಗಳಿಗೂ ಕೈ ಮುಗಿದರು. ಆ ಎಲೆಗೂ.

ವಂಶವೃಕ್ಷದ ಅರ್ಜಿ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ತಾತನ ಪಕ್ಕದಲ್ಲಿ ಚಿಕ್ಕತಾತನ ಹೆಸರು ಟೈಪ್ ಮಾಡಿದ್ದೀನಿ. ಸಹಿ ಹಾಕಬೇಕಾದವರು ದೊಡ್ಡಪ್ಪ. ಈ ಶನಿವಾರ ಊರಿಗೆ ಹೋಗ್ತಿದ್ದೀನಿ.