ಮಾನ್ಯತೆಯ ಮುದ್ರೆ, ಹೊಣೆಯ ಭಾರ

ಪೇಟೆಯ ವ್ಯವಹಾರದಲ್ಲಿ ಹುಂಡಿಯ ಬೆನ್ನಿಗೆ ರುಜು ಹಾಕಿದವನು ಆ ಹಣಕ್ಕೆ ತಾನೂ ಬಾಧ್ಯನಾಗುತ್ತಾನೆ. ಹುಂಡಿ ಸಲ್ಲದೆ ಹಿಂದಿರುಗಿದ ದಿನ ತನ್ನ ರುಜುವನ್ನು ಹೊಡೆದುಹಾಕಿ ದೂರ ಸರಿದರೆ ಆ ಬಾಧ್ಯತೆ ತೀರುವುದಿಲ್ಲ. ಒಂದು ಸಂಸ್ಥೆ ಇನ್ನೊಂದಕ್ಕೆ ಮಾನ್ಯತೆ ನೀಡುವುದೂ ಇಂಥ ಒಂದು ರುಜುವೇ. ಕೊಟ್ಟ ಮಾನ್ಯತೆಯನ್ನು ಹಿಂದೆಗೆದುಕೊಂಡ ಮಾತ್ರಕ್ಕೆ ಕೊಟ್ಟವರ ಹೊಣೆ ಮುಗಿಯುವುದೇ? ಪಡೆದವರು ತಮಗೆ ಹಿಂದೆ ಆದ ಅನ್ಯಾಯವನ್ನು ಮುಂದಿಟ್ಟು ಇಂದಿನ ತಪ್ಪಿಗೆ ರಿಯಾಯಿತಿ ಕೇಳಬಹುದೇ? ಈ ಎರಡು ಪ್ರಶ್ನೆಗಳು ಒಟ್ಟಿಗೆ, ಅತ್ಯಂತ ತೀಕ್ಷ್ಣವಾಗಿ ಎದ್ದಿರುವುದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿನ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಕಟ್ಟಿಕೊಂಡ ಭ್ರಾತೃಸಂಘ, ಭಗಿನೀಸಂಘಗಳ ವಿಷಯದಲ್ಲಿ.

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿ ಸಂಘಗಳ ಸಂಪ್ರದಾಯ ಬಹಳ ಹಳೆಯದು. ಪುರುಷರ ಸಂಘಕ್ಕೆ ಫ್ರಟರ್ನಿಟಿ ಎಂದೂ ಮಹಿಳೆಯರ ಸಂಘಕ್ಕೆ ಸೊರೊರಿಟಿ ಎಂದೂ ಹೆಸರು. ದೀಕ್ಷೆ, ಗೋಪ್ಯವಾದ ವಿಧಿ, ಪರಸ್ಪರ ಸಹಾಯದ ಪ್ರತಿಜ್ಞೆ ಇವುಗಳ ಲಕ್ಷಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸಂಘಗಳ ಬಾಗಿಲು ಕಪ್ಪು ವರ್ಣೀಯರಿಗೆ ಮುಚ್ಚಿತ್ತು. ಕೆಲವು ಸಂಘಗಳ ನಿಯಮಾವಳಿಯಲ್ಲಿ ವರ್ಣದ ನಿರ್ಬಂಧವನ್ನು ಬರೆದೇ ಇಟ್ಟಿದ್ದರು. ಅದು ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಮುಂದಾದಾಗ ಅದರ ರಾಷ್ಟ್ರೀಯ ಸಂಘ ಆ ಶಾಖೆಯನ್ನೇ ಅಮಾನತುಗೊಳಿಸಿತು.

ಹೊರಗಿಟ್ಟವರ ಬಾಗಿಲಲ್ಲಿ ಕಾಯುತ್ತ ನಿಲ್ಲದೆ ತಮ್ಮದೇ ಮನೆ ಕಟ್ಟಿಕೊಂಡವರ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳು ಒಂಟಿತನದಿಂದ ಬಳಲಿ ಓದನ್ನು ಬಿಟ್ಟು ಹೋಗುವುದನ್ನು ಕಂಡು, ಉಳಿದವರು ಮೊದಲು ಒಟ್ಟಿಗೆ ಕುಳಿತು ಓದುವ ಒಂದು ಕೂಟವನ್ನು ಮಾಡಿಕೊಂಡರು. ಅದೇ 1906ರ ಡಿಸೆಂಬರ್ 4ರಂದು ಏಳು ಮಂದಿ ಸ್ಥಾಪಕರ ಆಲ್ಫಾ ಫೈ ಆಲ್ಫಾ ಎಂಬ ಭ್ರಾತೃಸಂಘವಾಯಿತು. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಮೊದಲ ಭಗಿನೀಸಂಘ ಹುಟ್ಟಿತು. 1911ರಲ್ಲಿ ಇಂಡಿಯಾನಾದಲ್ಲಿ ಕಪ್ಪಾ ಆಲ್ಫಾ ಸೈ, ಅದೇ ವರ್ಷ ಹೋವರ್ಡ್‌ನಲ್ಲಿ ಒಮೇಗಾ ಸೈ ಫೈ, 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ, 1914ರಲ್ಲಿ ಫೈ ಬೀಟಾ ಸಿಗ್ಮಾ, 1920ರಲ್ಲಿ ಝೀಟಾ ಫೈ ಬೀಟಾ, 1922ರಲ್ಲಿ ಸಿಗ್ಮಾ ಗಾಮಾ ರೋ, ಬಹುಕಾಲದ ಅನಂತರ 1963ರಲ್ಲಿ ಅಯೋಟಾ ಫೈ ಥೀಟಾ: ಹೀಗೆ ಒಟ್ಟು ಒಂಬತ್ತು. ಇವುಗಳ ಒಕ್ಕೂಟ 1930ರಲ್ಲಿ ಹೋವರ್ಡ್‌ನಲ್ಲೇ ಸ್ಥಾಪಿತವಾಯಿತು.

ಈ ಸಂಘಗಳನ್ನು ಕೇವಲ ವಿನೋದದ ಕೂಟಗಳೆಂದು ಭಾವಿಸಿದರೆ ತಪ್ಪಾದೀತು. ಸದಸ್ಯತ್ವ ಓದು ಮುಗಿದೊಡನೆ ಮುಗಿಯುವುದಿಲ್ಲ, ಆಜೀವ ನಡೆಯುತ್ತದೆ. ಡೆಲ್ಟಾ ಸಿಗ್ಮಾ ಥೀಟಾದ ತರುಣಿಯರು ಸಂಘ ಹುಟ್ಟಿ ಎರಡು ತಿಂಗಳು ತುಂಬುವ ಮೊದಲೇ, 1913ರ ಮಾರ್ಚ್ 3ರಂದು ಮಹಿಳಾ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಮೆರವಣಿಗೆಯಲ್ಲಿ ನಡೆದರು. ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆಯರು 1935ರಿಂದ ಹಲವು ಬೇಸಗೆಗಳಲ್ಲಿ ಮಿಸಿಸಿಪ್ಪಿಯ ಹಳ್ಳಿಗಳಿಗೆ ಹೋಗಿ ಬಡ ಕೂಲಿಕಾರರ ಮಕ್ಕಳಿಗೆ ಚಿಕಿತ್ಸೆಯ ಶಿಬಿರ ನಡೆಸಿದರು. ಶಾಲೆಗಳಲ್ಲಿ ವರ್ಣಭೇದವನ್ನು ನ್ಯಾಯಾಲಯದಲ್ಲಿ ಸೋಲಿಸಿದ ಥರ್ಗುಡ್ ಮಾರ್ಷಲ್, ಮಾರ್ಟಿನ್ ಲೂಥರ್ ಕಿಂಗ್ ಇಬ್ಬರೂ ಆಲ್ಫಾ ಫೈ ಆಲ್ಫಾದವರು. 2011ರಲ್ಲಿ ವಾಷಿಂಗ್ಟನ್ನಿನಲ್ಲಿ ಉದ್ಘಾಟನೆಗೊಂಡ ಕಿಂಗ್ ಸ್ಮಾರಕಕ್ಕೆ ಮೊದಲು ಮುಂದಾದದ್ದೂ ಅದೇ ಸಂಘ.

ಇನ್ನು ಮಾನ್ಯತೆಯ ವಿಚಾರ. ಇಂಥ ಪ್ರತಿಯೊಂದು ಶಾಖೆಯ ಮೇಲೂ ಎರಡು ಮುದ್ರೆಗಳಿರುತ್ತವೆ. ಒಂದು, ರಾಷ್ಟ್ರೀಯ ಸಂಘ ಕೊಡುವ ಸನದು. ಇನ್ನೊಂದು, ವಿಶ್ವವಿದ್ಯಾಲಯ ಕೊಡುವ ಮಾನ್ಯತೆ. ಮಾನ್ಯತೆಯಿದ್ದರೆ ವಿಶ್ವವಿದ್ಯಾಲಯದ ಹೆಸರನ್ನು ಬಳಸಬಹುದು, ಸಭಾಂಗಣ ಪಡೆಯಬಹುದು, ಹೊಸ ಸದಸ್ಯರನ್ನು ಬಹಿರಂಗವಾಗಿ ಕರೆಯಬಹುದು. ಪ್ರತಿಯಾಗಿ ಸದಸ್ಯರ ಪಟ್ಟಿ ಒಪ್ಪಿಸಬೇಕು, ಸಲಹೆಗಾರರನ್ನು ಹೊಂದಿರಬೇಕು, ವಿಮೆ ತೋರಿಸಬೇಕು, ಶಿಸ್ತಿನ ನಿಯಮಗಳಿಗೆ ಒಳಪಡಬೇಕು. ಇದನ್ನು ಕೊಡುವ, ಕೊಡದಿರುವ ಅಧಿಕಾರದ ಮೇರೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹಂತಹಂತವಾಗಿ ಗುರುತಿಸಿದೆ. 1915ರಲ್ಲಿ ಮಿಸಿಸಿಪ್ಪಿ ರಾಜ್ಯ ತನ್ನ ವಿದ್ಯಾಸಂಸ್ಥೆಗಳಲ್ಲಿ ಇಂಥ ಸಂಘಗಳನ್ನು ನಿಷೇಧಿಸಿದ್ದನ್ನು ಅದು ಎತ್ತಿಹಿಡಿಯಿತು. 1972ರ ಹೀಲಿ ಮೊಕದ್ದಮೆಯಲ್ಲಾದರೋ, ಸರ್ಕಾರಿ ಕಾಲೇಜೊಂದು ತಕ್ಕ ಕಾರಣವಿಲ್ಲದೆ ವಿದ್ಯಾರ್ಥಿ ಸಂಘಕ್ಕೆ ಮಾನ್ಯತೆ ನಿರಾಕರಿಸುವುದು ಸಂಘಟನೆಯ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಹೇಳಿತು. ಜೊತೆಗೆ, ಸಮಂಜಸವಾದ ನಿಯಮಗಳಿಗೆ ಒಪ್ಪಿ ನಡೆಯುವಂತೆ ಸಂಘವನ್ನು ಕೇಳುವ ಅಧಿಕಾರ ಕಾಲೇಜಿಗುಂಟೆಂದೂ ಹೇಳಿತು. ಹಕ್ಕು ಮತ್ತು ಹೊಣೆ ಒಂದೇ ವಾಕ್ಯದಲ್ಲಿ ಬರುವ ಒಪ್ಪಂದವಿದು.

ನಿಯಮ ಎಲ್ಲರಿಗೂ ಒಂದೇ ಇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಷರದಲ್ಲಿ ಒಂದೇ ಆದ ನಿಯಮ ಫಲದಲ್ಲಿ ಒಂದೇ ಆಗುವುದೆಂಬ ಭರವಸೆಯಿಲ್ಲ. ಹಿರಿಯ ಬಿಳಿಯರ ಸಂಘಗಳಿಗೆ ದೊಡ್ಡ ಮನೆಗಳಿವೆ, ಒಂದೊಂದು ಶಾಖೆಯಲ್ಲಿ ನೂರರಷ್ಟು ಸದಸ್ಯರಿರುವುದುಂಟು. ಬಿಳಿಯರೇ ಹೆಚ್ಚಿರುವ ವಿಶ್ವವಿದ್ಯಾಲಯದಲ್ಲಿ ಕಪ್ಪು ಭಗಿನೀಸಂಘದ ಶಾಖೆಯೊಂದರಲ್ಲಿ ಐದಾರು ಮಂದಿಯೇ ಇರಬಹುದು. ‘ಇಷ್ಟು ಮಂದಿ ಇಲ್ಲದಿದ್ದರೆ ಮಾನ್ಯತೆಯಿಲ್ಲ’ ಎಂಬ ನಿಯಮ ಮೊದಲನೆಯವರಿಗೆ ಲೆಕ್ಕಕ್ಕೇ ಬಾರದು. ಎರಡನೆಯವರಿಗೆ ಅಳಿವು ಉಳಿವಿನ ಪ್ರಶ್ನೆ. ‘ಸದಸ್ಯರೆಲ್ಲರೂ ಇದೇ ವಿದ್ಯಾಲಯದವರಾಗಿರಬೇಕು’ ಎಂಬುದೂ ಹಾಗೆಯೇ. ಒಂದೊಂದು ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳು ಅತ್ಯಲ್ಪವಾಗಿದ್ದ ಕಾರಣ ಈ ಸಂಘಗಳು ಒಂದು ನಗರದ ಹಲವು ಕಾಲೇಜುಗಳಿಗೆ ಸೇರಿ ಒಂದೇ ಶಾಖೆ ನಡೆಸುವ ಪದ್ಧತಿಯನ್ನು ಬೆಳೆಸಿಕೊಂಡವು. ಕಿಂಗ್ ಅವರು ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ 1952ರಲ್ಲಿ ದೀಕ್ಷೆ ಪಡೆದ ಸಿಗ್ಮಾ ಶಾಖೆ ಇಂಥ ನಗರ ಶಾಖೆಯೇ ಆಗಿತ್ತು. ನಿಯಮವನ್ನು ಅಕ್ಷರಶಃ ಹಿಡಿದರೆ ಅಂಥ ಶಾಖೆ ಯಾವ ವಿದ್ಯಾಲಯದ್ದೂ ಅಲ್ಲವೆಂದಾಗುತ್ತದೆ.

ಸದುದ್ದೇಶದ ನಿಯಮವೂ ಹೀಗೆ ದಿಕ್ಕು ತಪ್ಪಬಹುದು. 1953ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ವಿಶ್ವಸ್ತರು ವರ್ಣ, ಮತಗಳ ಭೇದವೆಣಿಸುವ ಸಂಘಗಳನ್ನು ನಿಷೇಧಿಸಿದರು. ಅದು ಸ್ತುತ್ಯವಾದ ಕೆಲಸ. ಆದರೆ ಅದೇ ನಿರ್ಣಯ, ಹೊರಗಿನ ರಾಷ್ಟ್ರೀಯ ಸಂಘದ ನಂಟಿರುವ ಸಾಮಾಜಿಕ ಸಂಘಗಳೆಲ್ಲವನ್ನೂ ನಿಷೇಧಿಸಿತು. ಭೇದ ಮಾಡಿದವರನ್ನು ಹಿಡಿಯಲು ಬೀಸಿದ ಬಲೆ ಭೇದಕ್ಕೆ ಗುರಿಯಾದವರು ಕಟ್ಟಿಕೊಂಡ ಸಂಘಗಳನ್ನೂ ಒಳಗೊಳ್ಳುವಷ್ಟು ಅಗಲವಾಗಿತ್ತು. ಆ ನಿಷೇಧ ಶಾಶ್ವತವಾಗಿ ಉಳಿಯಲಿಲ್ಲ. ತೂಗುವವನ ಕೈ ನಿಷ್ಪಕ್ಷಪಾತವಾಗಿದ್ದರೆ ಸಾಲದು, ತಕ್ಕಡಿಯ ಎರಡು ತಟ್ಟೆಗಳಲ್ಲಿ ಮೊದಲೇ ಏನಿದೆಯೆಂದು ನೋಡಬೇಕೆಂಬುದಕ್ಕೆ ಇದೊಂದು ಪಾಠ.

ಇಲ್ಲಿಯವರೆಗಿನ ಮಾತು ಸಂಘಗಳ ಪರವಾಗಿದೆ. ಇನ್ನೊಂದು ಮುಖವನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹವಾದೀತು. ಭಾರತದಲ್ಲಿ ರ‍್ಯಾಗಿಂಗ್ ಎಂದು ಕರೆಯುವ ಪಿಡುಗಿಗೆ ಹತ್ತಿರವಾದ ಹಿಂಸೆ ಅಮೆರಿಕದ ವಿದ್ಯಾರ್ಥಿ ಸಂಘಗಳಲ್ಲಿ, ಬಿಳಿಯರದಿರಲಿ ಕಪ್ಪು ವರ್ಣೀಯರದಿರಲಿ, ದೀಕ್ಷೆಯ ಹೆಸರಿನಲ್ಲಿ ಬೇರೂರಿದೆ. ಕಪ್ಪು ವರ್ಣೀಯರ ಸಂಘಗಳಲ್ಲಿ ಅದು ಬಹುಮಟ್ಟಿಗೆ ಹೊಡೆತದ ರೂಪ ತಾಳಿದೆ. 1989ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಪ್ರವೇಶಾರ್ಥಿಯಾಗಿದ್ದ ವಿದ್ಯಾರ್ಥಿಯೊಬ್ಬ ಮೃತನಾದ ಮೇಲೆ, 1990ರಲ್ಲಿ ಆಗಿನ ಎಂಟು ಸಂಘಗಳೂ ಒಟ್ಟಾಗಿ, ವಾರಗಟ್ಟಲೆ ನಡೆಯುತ್ತಿದ್ದ ಹಳೆಯ ಪ್ರವೇಶಾರ್ಥಿ ಪದ್ಧತಿಯನ್ನೇ ರದ್ದುಪಡಿಸಿದವು. ಅರ್ಜಿ, ಸಂದರ್ಶನ, ಅಲ್ಪಾವಧಿಯ ಶಿಕ್ಷಣ, ದೀಕ್ಷೆ ಎಂಬ ಹೊಸ ಕ್ರಮ ಬಂತು.

ಧೀರವಾದ ಆ ನಿರ್ಣಯದ ಪರಿಣಾಮ ವಿಚಿತ್ರವಾಯಿತು. ಹೊಸ ಕ್ರಮದಲ್ಲಿ ಸೇರಿದವರನ್ನು ಹಳೆಯ ಸದಸ್ಯರಲ್ಲಿ ಹಲವರು ‘ಕಾಗದದ ಸದಸ್ಯರು’ ಎಂದು ಹೀಯಾಳಿಸಿದರು. ಪೆಟ್ಟು ತಿಂದವನೇ ನಿಜವಾದ ಬಂಧು ಎಂಬ ಭ್ರಮೆ ಉಳಿದುಕೊಂಡಿತು. ಆ ಹೀಯಾಳಿಕೆಗೆ ಅಂಜಿದ ಎಳೆಯರು ತಾವಾಗಿಯೇ ಪೆಟ್ಟನ್ನು ಕೇಳಿ ಪಡೆದರು, ವಿಧಿ ಭೂಗತವಾಯಿತು. 1994ರಲ್ಲಿ ಮಿಸೌರಿ ರಾಜ್ಯದಲ್ಲಿ ವಿದ್ಯಾರ್ಥಿಯೊಬ್ಬ ಅಂಥ ಹೊಡೆತಗಳಿಂದ ಸತ್ತ. 2025ರ ಫೆಬ್ರುವರಿಯಲ್ಲಿ ಲೂಸಿಯಾನಾದ ಸದರ್ನ್ ವಿಶ್ವವಿದ್ಯಾಲಯದ, ಇಪ್ಪತ್ತರ ಪ್ರಾಯದ ವಿದ್ಯಾರ್ಥಿಯೊಬ್ಬ ಮೃತನಾದ. ವಿದ್ಯಾಲಯದ ಹೊರಗಿನ ಉಗ್ರಾಣವೊಂದರಲ್ಲಿ ಸಂಘಪ್ರವೇಶದ ವಿಧಿಯೆಂದು ಅವನ ಎದೆಗೆ ಗುದ್ದಲಾಗಿತ್ತೆಂದು ಪೊಲೀಸರು ಹೇಳಿದರು. ವಿಶ್ವವಿದ್ಯಾಲಯ ಆ ಭ್ರಾತೃಸಂಘದ ಶಾಖೆಯನ್ನು ಹೊರಹಾಕಿತು. ಇತರ ಎಲ್ಲ ಗ್ರೀಕ್ ಸಂಘಗಳೂ ಆ ಶೈಕ್ಷಣಿಕ ವರ್ಷ ಹೊಸ ಸದಸ್ಯರನ್ನು ಸೇರಿಸಬಾರದೆಂದು ಆಜ್ಞೆ ಮಾಡಿತು.

ಇಂಥ ಸಾವಿನ ಅನಂತರ ಕೇಳಿಬರುವ ಸಮಾಧಾನಗಳು ಮೂರು. ವಿಶ್ವವಿದ್ಯಾಲಯ ಹೇಳುತ್ತದೆ: ‘ನಡೆದದ್ದು ಆವರಣದ ಹೊರಗೆ, ಮಾನ್ಯತೆಯನ್ನು ರದ್ದುಮಾಡಿದ್ದೇವೆ.’ ರಾಷ್ಟ್ರೀಯ ಸಂಘ ಹೇಳುತ್ತದೆ: ‘ನಾವು 1990ರಲ್ಲೇ ನಿಷೇಧಿಸಿದ್ದೇವೆ, ಇದು ಕೆಲವರ ಸ್ವೇಚ್ಛಾಚಾರ.’ ಸದಸ್ಯರಲ್ಲಿ ಕೆಲವರು ಹೇಳುತ್ತಾರೆ: ‘ಅವನು ತಾನಾಗಿ ಒಪ್ಪಿ ಬಂದಿದ್ದ.’ ಮೂರು ಮಾತಿನಲ್ಲೂ ಅಷ್ಟಿಷ್ಟು ಸತ್ಯವಿದೆ. ಮೂರೂ ಸೇರಿದರೂ ಒಂದು ಜೀವದ ಲೆಕ್ಕ ಚುಕ್ತಾ ಆಗುವುದಿಲ್ಲ.

ಕರ್ಮವನ್ನು ಮಾಡಿದವನು, ಮಾಡಿಸಿದವನು, ಅನುಮೋದಿಸಿದವನು ಎಂಬ ವಿಭಾಗ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಕೈಯೆತ್ತಿ ಹೊಡೆದವನ ಅಪರಾಧವನ್ನು ನ್ಯಾಯಾಲಯ ತೂಗುತ್ತದೆ. ‘ಕಾಗದದ ಸದಸ್ಯ’ ಎಂಬ ಒಂದು ನಗೆಮಾತಿನಿಂದ ಹೊಡೆತಕ್ಕೆ ಬೆಲೆ ತಂದುಕೊಟ್ಟ ಹಿರಿಯ ಸದಸ್ಯ, ಕಾನೂನಿನ ಕೈಗೆ ಸಿಗದಿದ್ದರೂ, ನೀತಿಯ ಲೆಕ್ಕದಲ್ಲಿ ಹೊರಗುಳಿಯುವುದಿಲ್ಲ. ನಡೆಯುತ್ತಿದೆಯೆಂದು ಬಲ್ಲ ಸಲಹೆಗಾರನ ಮೌನವೂ ಅನುಮೋದನೆಯೇ. ಇನ್ನು ಒಪ್ಪಿಗೆಯ ವಾದ: ಬಹಿಷ್ಕಾರದ ಭಯದಲ್ಲಿ ಹುಟ್ಟಿದ ಒಪ್ಪಿಗೆ ಒಪ್ಪಿಗೆಯಲ್ಲ. ಈ ಸಂಘಗಳ ಸ್ಥಾಪಕರಿಗೆ ಹೊರಗುಳಿಯುವ ನೋವು ಏನೆಂದು ಗೊತ್ತಿತ್ತು. ಆ ನೋವಿನ ಭಯವನ್ನೇ ಬಳಸಿ ತಮ್ಮ ತಮ್ಮಂದಿರನ್ನು ಬಗ್ಗಿಸುವುದು ಅವರ ಆಶಯಕ್ಕೆ ಬಗೆಯುವ ಮೊದಲ ದ್ರೋಹ. ಪೂರ್ವಜರು ಉಂಡ ಅನ್ಯಾಯ ಮಾನ್ಯತೆಯ ನಿಯಮವನ್ನು ನ್ಯಾಯವಾಗಿ ರೂಪಿಸೆಂದು ಕೇಳುವ ಹಕ್ಕನ್ನು ಕೊಡುತ್ತದೆ. ಕಿರಿಯನ ಮೇಲೆ ಕೈಯೆತ್ತುವ ಹಕ್ಕನ್ನು ಕೊಡುವುದಿಲ್ಲ.

ಹಾಗಾದರೆ ಮಾನ್ಯತೆಯ ರದ್ದತಿ ಸರಿಯಾದ ಮದ್ದೇ? ಪ್ರಾಣಹಾನಿಯಾದ ಮೇಲೂ ಶಾಖೆಯೊಂದು ವಿದ್ಯಾಲಯದ ಹೆಸರನ್ನು ಹೊತ್ತು ಮೆರೆಯುವುದು ಸತ್ತವನ ತಂದೆತಾಯಿಗಳಿಗೆ ಮಾಡುವ ಅವಮಾನ. ಆದ್ದರಿಂದ ರದ್ದತಿ ಕೆಲವೊಮ್ಮೆ ಅನಿವಾರ್ಯ. ಆದರೆ ಅದರ ಶಕ್ತಿಗೆ ಮಿತಿಯಿದೆ. ಮಾನ್ಯತೆ ಹೋದ ಮೇಲೆ ಪಟ್ಟಿ ಒಪ್ಪಿಸಬೇಕಾಗಿಲ್ಲ, ಸಲಹೆಗಾರ ಬೇಕಾಗಿಲ್ಲ, ಯಾರನ್ನು ಯಾವಾಗ ಸೇರಿಸಿಕೊಂಡರೆಂದು ತಿಳಿಸಬೇಕಾಗಿಲ್ಲ. ಆಜೀವ ಸದಸ್ಯತ್ವದ ಸಂಘದಲ್ಲಿ ಬಂಧುತ್ವ ಒಂದು ಆಜ್ಞೆಯಿಂದ ಅಳಿಯುವುದೂ ಇಲ್ಲ. ಅಂದರೆ, ಯಾವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಣಬೇಕಾಗಿತ್ತೋ ಅದೇ ಕಣ್ಣಿಗೆ ಮರೆಯಾಗುತ್ತದೆ. ಸಾಲಗಾರನ ಖಾತೆಯನ್ನು ಹರಿದುಹಾಕಿದರೆ ಸಾಲ ತೀರಿದಂತಾಗಲಿಲ್ಲ. ಇನ್ನೊಂದು ಕಡೆ, ತಪ್ಪು ಮಾಡದ ಸಂಘಗಳೂ ಒಂದು ವರ್ಷ ಬಾಗಿಲು ಮುಚ್ಚಬೇಕಾಗುತ್ತದೆ. ಅಪಾಯ ಎಲ್ಲಿದೆಯೆಂದು ತಿಳಿಯದಾಗ ತಾತ್ಕಾಲಿಕವಾಗಿ ಎಲ್ಲವನ್ನೂ ನಿಲ್ಲಿಸುವುದು ವಿವೇಕವಿರಬಹುದು. ಅದೇ ಶಿಕ್ಷೆಯಾಗಿ ನಿಂತರೆ ನಿರಪರಾಧಿಯ ಮೇಲೆ ಹೊರೆಯಾಗುತ್ತದೆ.

ಈ ದೃಷ್ಟಿಯಿಂದ 2024ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಅಂಕಿತ ಪಡೆದ ಕಾನೂನು ಗಮನಾರ್ಹವಾದುದು. ವಿದ್ಯಾರ್ಥಿ ಸಂಘಗಳಲ್ಲಿ ಇಂಥ ಹಿಂಸೆಯ ಪ್ರಕರಣಗಳನ್ನು ವಿದ್ಯಾಲಯಗಳು ವಾರ್ಷಿಕ ಸುರಕ್ಷತಾ ವರದಿಯಲ್ಲಿ ಎಣಿಸಿ ತೋರಿಸಬೇಕೆಂದೂ, ತಪ್ಪಿತಸ್ಥವೆಂದು ಕಂಡುಬಂದ ಸಂಘದ ಹೆಸರು ಮತ್ತು ನಡೆದ ಸಂಗತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದೂ ಅದು ವಿಧಿಸುತ್ತದೆ. ಸಂಘಕ್ಕಷ್ಟೇ ಇದ್ದ ಲೆಕ್ಕ ಒಪ್ಪಿಸುವ ಕರ್ತವ್ಯ ಈಗ ಮಾನ್ಯತೆ ಕೊಟ್ಟವರಿಗೂ ಬಂದಿದೆ. ಮಗನನ್ನೋ ಮಗಳನ್ನೋ ಕಳುಹಿಸುವ ತಂದೆತಾಯಿಗಳು ಮೊದಲೇ ಓದಿ ತಿಳಿಯಬಹುದು. ಬಚ್ಚಿಟ್ಟ ಖಾತೆಗಿಂತ ತೆರೆದಿಟ್ಟ ಖಾತೆ ಎಂದಿಗೂ ಮೇಲು. ಅದರಲ್ಲಿ ನಷ್ಟವೇ ಬರೆದಿದ್ದರೂ ಸರಿ.

ಒಟ್ಟಿನಲ್ಲಿ, ಮಾನ್ಯತೆಯ ನಿಯಮ ನ್ಯಾಯಸಮ್ಮತವಾಗಬೇಕಾದರೆ ಮೂರು ಗುಣಗಳು ಬೇಕೆನಿಸುತ್ತದೆ. ಐದು ಮಂದಿಯ ಸಂಘವನ್ನು ಅದರ ಎಣಿಕೆಯಿಂದ ಅಳೆಯದೆ ನಡತೆಯಿಂದ ಅಳೆಯಬೇಕು. ತಪ್ಪು ನಡೆದಾಗ ಮಾಡಿದವರನ್ನು, ಮಾಡಿಸಿದವರನ್ನು, ಕಂಡೂ ಸುಮ್ಮನಿದ್ದವರನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಕೊನೆಯದಾಗಿ, ಮುದ್ರೆಯೊತ್ತಿದ ವಿದ್ಯಾಲಯ ಆ ಮುದ್ರೆಯನ್ನು ಅಳಿಸುವ ಮೊದಲು, ಅದು ಇದ್ದಷ್ಟು ಕಾಲ ತಾನೇನು ನೋಡಿದೆ, ಏನನ್ನು ನೋಡದೆ ಹೋದೆ ಎಂಬುದಕ್ಕೆ ಉತ್ತರ ಹೇಳಬೇಕು. ಹೆಸರು ಕೊಡುವ ಅಧಿಕಾರವುಳ್ಳ ಯಾವ ಸಂಸ್ಥೆಗೂ, ವಿದ್ಯಾಲಯವಿರಲಿ ವಿಶ್ವಸ್ತ ಮಂಡಳಿಯಿರಲಿ, ಈ ಉತ್ತರದಿಂದ ವಿನಾಯಿತಿಯಿಲ್ಲ. 1906ರಲ್ಲಿ ಆ ಏಳು ಮಂದಿ ಕೂಡಿಕೊಂಡದ್ದು ಒಬ್ಬ ವಿದ್ಯಾರ್ಥಿಯೂ ಒಂಟಿಯಾಗಿ ಕಳೆದುಹೋಗಬಾರದೆಂದು. ಹೊಸದಾಗಿ ಬಂದ ಹುಡುಗ ಸುರಕ್ಷಿತವಾಗಿ ಓದು ಮುಗಿಸಿ ಮನೆಗೆ ಮರಳುತ್ತಾನೆಯೇ ಎಂಬುದೇ ಸಂಘಕ್ಕೂ ವಿಶ್ವವಿದ್ಯಾಲಯಕ್ಕೂ ಒಪ್ಪುವ ಒಂದೇ ಅಳತೆಗೋಲು.