ಅಪ್ಪನ ಕೋಪ ಯಾರದ್ದು?

ಊಟಕ್ಕೆ ಕೂತಿದ್ದ ಅಪ್ಪ ಸಾರಿನ ಬಟ್ಟಲನ್ನು ಎಡಗೈಯಿಂದ ಜೋರಾಗಿ ತಳ್ಳಿದರು. ಅರ್ಧ ಸಾರು ಮೇಜಿನ ಮೇಲೆ, ಅರ್ಧ ನನ್ನ ಮಗಳ ಹೋಮ್‌ವರ್ಕ್ ಮೇಲೆ. "ಇದು ತಾತ ಅಲ್ಲ ಪುಟ್ಟಾ, ಸ್ಟ್ರೋಕ್" ಅಂತ ಸಮಾಧಾನ ಮಾಡಿದೆ. ಅಪ್ಪ ಎದುರಿಗೇ ಕೂತಿದ್ದರು.

ಅಡುಗೆಮನೆಯಿಂದ ಅಮ್ಮ ಅಂದಳು: "ಸ್ಟ್ರೋಕೂ ಇಲ್ಲ, ಏನೂ ಇಲ್ಲ ಕಣೋ. ಉಪ್ಪಿಲ್ಲದ ಸಾರು ಬಡಿಸಿದ್ರೆ ನಿಮ್ಮಪ್ಪ ನಲವತ್ತು ವರ್ಷದಿಂದ್ಲೂ ಹೀಗೇನೇ."

ಬಿಪಿ ಇಳಿಯಬೇಕು, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದರು. ಮಾಡಿದ್ದೆವು. ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ.

ನಮ್ಮ ಜೊತೆ ಇರೋಕೆ ಅಂತ ತುಮಕೂರಿಂದ ಟೊರಾಂಟೋಗೆ ಬಂದ ಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಬಲಗೈ ಸೋತಿತು, ಮಾತು ತುಂಡು ತುಂಡಾಯಿತು.

"ಇದು ಅವರಲ್ಲ, ಕಾಯಿಲೆ" ಅನ್ನೋದು ದಯೆಯ ಮಾತೇ. ನೋಡಿಕೊಳ್ಳುವವರಿಗೆ ಅದರಿಂದ ಸ್ವಲ್ಪ ಉಸಿರಾಡೋಕೂ ಆಗುತ್ತೆ. ಆದರೆ ಒಮ್ಮೆ ಹಾಗಂದ ಮೇಲೆ ಆ ಮನುಷ್ಯ ಏನು ಹೇಳ್ತಿದ್ದಾನೆ ಅಂತ ಕೇಳಬೇಕಾಗಿಲ್ಲವಲ್ಲ! ನಮ್ಮ ಹಿರಿಯರು "ಅರವತ್ತಕ್ಕೆ ಅರಳು ಮರಳು" ಅಂದು ಕೈ ತೊಳೆದುಕೊಳ್ಳುತ್ತಿದ್ದರು. ನಾವು ಸ್ಕ್ಯಾನ್ ತೋರಿಸಿ ಅದನ್ನೇ ಮಾಡುತ್ತೇವೆ. ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್‌ಗೆ 1990ರಲ್ಲಿ ಸ್ಟ್ರೋಕ್ ಆಗಿ ಮಾತು ಬಹುಮಟ್ಟಿಗೆ ಹೋಯಿತು, ಬಲಗೈಯೂ ಹೋಯಿತು. ಆಮೇಲೂ ಕವನ ಸಂಕಲನ ತಂದರು, ಎಡಗೈಯಲ್ಲೇ ಪಿಯಾನೊ ನುಡಿಸಿದರು. 2011ರಲ್ಲಿ ನೊಬೆಲ್ ಬಂತು. ಮಾತು ಹೋದ ಮಾತ್ರಕ್ಕೆ ಯೋಚನೆ ಹೋಗಿರುವುದಿಲ್ಲ.

ಹಾಗಂತ ಅಮ್ಮ ಹೇಳಿದ್ದೇ ಯಾವಾಗಲೂ ಸರಿ ಅಂತಲೂ ಅಲ್ಲ. ಟಿವಿಯಲ್ಲಿ ಹವಾಮಾನ ವರದಿ ಬಂದರೂ ಅಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. "ಊರು ನೆನಪಾಗಿದೆ, ಪಾಪ" ಅನ್ನುತ್ತಿದ್ದಳು ಅಮ್ಮ. ಅಪ್ಪ ಅಳುತ್ತಲೇ ಅಲ್ಲ ಅಲ್ಲ ಅಂತ ತಲೆ ಆಡಿಸುತ್ತಿದ್ದರು. ಅಳು, ನಗುವನ್ನು ಹಿಡಿತದಲ್ಲಿಡುವ ಮೆದುಳಿನ ದಾರಿಗಳಿಗೆ ಪೆಟ್ಟಾದರೆ ದುಃಖವೇ ಇಲ್ಲದೆ ಕಣ್ಣೀರು ಬರುತ್ತೆ, ಅದಕ್ಕೆ ಔಷಧಿ ಇದೆ ಅಂತ ಆಮೇಲೆ ತಿಳಿಯಿತು. ಆ ಕಣ್ಣೀರು ನಿಜಕ್ಕೂ ಸ್ಟ್ರೋಕಿನದು.

ಮುಂದಿನದನ್ನು ಹೇಳೋಕೆ ನನಗೆ ಕಷ್ಟ. ಕೆಲವು ತಿಂಗಳಾದ ಮೇಲೆ ಅಪ್ಪ ಸುಮ್ಮನಾದರು. ಕ್ರಿಕೆಟ್ ಬೇಡ, ಪೇಪರ್ ಬೇಡ, ಸಾರಿಗೆ ಉಪ್ಪಿಲ್ಲದಿದ್ದರೂ ತಕರಾರಿಲ್ಲ. "ಅಪ್ಪ ಈಗ ಎಷ್ಟು ಶಾಂತ ಆಗಿದ್ದಾರೆ ಗೊತ್ತಾ" ಅಂತ ಊರಿನವರಿಗೆಲ್ಲ ಫೋನಲ್ಲಿ ಹೇಳಿದ್ದು ನಾನೇ. ಅದು ಶಾಂತಿ ಆಗಿರಲಿಲ್ಲ, ಖಿನ್ನತೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಹಂತದಲ್ಲಿ ಅದು ಬರುತ್ತೆ. ಮೆದುಳಿನ ಗಾಯವೂ ಕಾರಣ, ಕಳೆದುಕೊಂಡದ್ದರ ನೋವೂ ಕಾರಣ. ಮಾತು ಹೋದವರಲ್ಲಿ ಗುರುತಿಸೋದು ಇನ್ನೂ ಕಷ್ಟ. ಹೇಗಿದ್ದೀರಿ ಅಂದರೆ ಹೇಳೋಕೆ ಅವರಿಗೆ ಪದ ಸಿಗಬೇಕಲ್ಲ?

ಕೋಪ ನಮಗೆ ತೊಂದರೆ ಕೊಟ್ಟಿತ್ತು, ಅದನ್ನು ಕಾಯಿಲೆ ಅಂದೆವು. ಮೌನ ಅನುಕೂಲವಾಗಿತ್ತು, ಅದನ್ನು ಅಪ್ಪ ಅಂದೆವು.

ಚಿಕಿತ್ಸೆ ನಡೀತಿದೆ. ಈಗ ಅವರನ್ನೇ ಕೇಳುತ್ತೇನೆ: "ಅಪ್ಪಾ, ಇದು ನಿಮ್ದಾ, ಸ್ಟ್ರೋಕಿಂದಾ?" ಸಾರಿನ ವಿಷಯಕ್ಕಾದರೆ ಎದೆ ಮುಟ್ಟಿಕೊಳ್ಳುತ್ತಾರೆ. ಸುಮ್ಮಸುಮ್ಮನೆ ಅಳು ಬಂದರೆ ತಲೆ ತೋರಿಸುತ್ತಾರೆ. ನಿನ್ನೆ ಕಿಟಕಿ ಹತ್ತಿರ ತುಂಬಾ ಹೊತ್ತಿಂದ ಸುಮ್ಮನೆ ಕೂತಿದ್ದರು. ಕೇಳಿದೆ. ಸ್ವಲ್ಪ ಯೋಚಿಸಿ, ಗೊತ್ತಿಲ್ಲ ಅಂತ ಎಡಗೈ ಆಡಿಸಿದರು.